ಕೊಟ್ಟ ಮಾತು ಮತ್ತು ಗಡಿಯ ಗೆರೆ
(ಅಲ್ಬೇನಿಯದ ಯೆಹೂದ್ಯರಕ್ಷಣೆಯನ್ನು ಕಾಲೇಜಿನಲ್ಲಿ ಕಲಿಸುವ ಬಗೆ)

ಇತಿಹಾಸದ ಅಧ್ಯಾಪಕನಿಗೆ ಕೇಡಿನ ಕಥೆಗಿಂತ ಒಳಿತಿನ ಕಥೆಯನ್ನು ಹೇಳುವುದೇ ಹೆಚ್ಚು ಕಷ್ಟ. ಕೇಡು ತನ್ನ ಲೆಕ್ಕಪತ್ರಗಳನ್ನು ಬಿಟ್ಟುಹೋಗುತ್ತದೆ. ಒಳಿತು ಬಹುಮಟ್ಟಿಗೆ ಮುಚ್ಚಿದ ಬಾಗಿಲ ಹಿಂದೆ ನಡೆದು ಹೋಗುತ್ತದೆ. ಆದುದರಿಂದಲೇ ಅದನ್ನು ಹೇಳಹೊರಟವನು ಹೊಗಳಿಕೆಗೆ ಇಳಿಯುವುದು ಸುಲಭ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಬೇನಿಯದ ಜನರು ಯೆಹೂದ್ಯರನ್ನು ಕಾಪಾಡಿದ ಸಂಗತಿ ಇಂಥದು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಅದನ್ನು ಹೇಗೆ ಕಲಿಸಬೇಕೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಸಂಗತಿಗಳು. ಅಲ್ಬೇನಿಯ ಬಾಲ್ಕನ್ ಪರ್ಯಾಯದ್ವೀಪದ ಒಂದು ಚಿಕ್ಕ ಬೆಟ್ಟಗಾಡು ದೇಶ. ಅಂದು ಅಲ್ಲಿನ ಜನಸಂಖ್ಯೆ ಸುಮಾರು 10 ಲಕ್ಷ. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಉಳಿದವರು ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಕ್ರೈಸ್ತರು. ಯೆಹೂದ್ಯರು ಕೇವಲ 200ರಷ್ಟು. 1939ರ ಏಪ್ರಿಲಿನಲ್ಲಿ ಇಟಲಿ ಈ ದೇಶವನ್ನು ಆಕ್ರಮಿಸಿತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಗಲು ಜರ್ಮನರು ಬಂದು, 1944ರ ನವೆಂಬರಿನವರೆಗೆ ಇದ್ದರು. ಜರ್ಮನರು ಯೆಹೂದ್ಯರ ಪಟ್ಟಿಯನ್ನು ಕೇಳಿದಾಗ, ಅವರ ನೆರಳಿನಲ್ಲಿಯೇ ಇದ್ದ ಟಿರಾನಾದ ಆಡಳಿತವು ಅದನ್ನು ಒಪ್ಪಿಸಲಿಲ್ಲ. ನೆರೆನಾಡುಗಳಿಂದ ಓಡಿಬಂದ ಯೆಹೂದ್ಯರನ್ನು ಜನರು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ರೈತರ ಉಡುಪು ತೊಡಿಸಿದರು, ಮುಸಲ್ಮಾನರ ಹೆಸರಿಟ್ಟರು, ನೆಂಟರೆಂದು ಹೇಳಿದರು. ಯುದ್ಧ ಮುಗಿದಾಗ ಅಲ್ಲಿದ್ದ ಯೆಹೂದ್ಯರ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು. ಜರ್ಮನರ ಹಿಡಿತಕ್ಕೆ ಸಿಕ್ಕ ಯೂರೋಪಿನಲ್ಲಿ ಇದು ಅತ್ಯಂತ ಅಪರೂಪದ ಮಾತು.

ಎಷ್ಟು ಹೆಚ್ಚಾಗಿತ್ತು? ಅಂದಾಜುಗಳು ಕೆಲವು ನೂರರಿಂದ ಸುಮಾರು ಎರಡು ಸಾವಿರದವರೆಗೆ ಹಬ್ಬಿವೆ. ಅಧ್ಯಾಪಕನು ಇವುಗಳಲ್ಲಿ ತನಗೆ ಇಷ್ಟವಾದ ಒಂದನ್ನು ಆರಿಸಿ ಹೇಳಬಾರದು. ಈ ವ್ಯತ್ಯಾಸವೇ ಒಂದು ಪಾಠ. ಯಾವ ದೇಶದಲ್ಲಿ ಕೊಲ್ಲಲು ಪಟ್ಟಿ ಮಾಡಿದರೋ ಅಲ್ಲಿ ನಿಖರವಾದ ಸಂಖ್ಯೆ ಸಿಗುತ್ತದೆ; ಎಲ್ಲಿ ಉಳಿಸಲು ಹೆಸರನ್ನು ಮರೆಸಿದರೋ ಅಲ್ಲಿ ಸಿಗುವುದಿಲ್ಲ. ಇಷ್ಟನ್ನು ವಿದ್ಯಾರ್ಥಿಗಳು ತಾವಾಗಿಯೇ ಕಂಡುಕೊಂಡರೆ ಮೊದಲನೆಯ ದಿನದ ಪಾಠ ಸಾರ್ಥಕ.

ಎರಡನೆಯ ದಿನ ಒಂದು ಮನೆಯ ಕಥೆ. ಯುಗೋಸ್ಲಾವಿಯದ ಛಾಯಾಗ್ರಾಹಕ ಮೋಶೆ ಮಾಂದಿಲ್ ತನ್ನ ಹೆಂಡತಿ ಮಕ್ಕಳೊಡನೆ ಓಡಿಬಂದು, ಕೆಲಕಾಲ ಪ್ರಿಷ್ಟಿನಾದ ಸೆರೆಯಲ್ಲಿದ್ದು, ಕಡೆಗೆ ಟಿರಾನಾ ಸೇರಿದನು. ಅಲ್ಲಿನ ಒಂದು ಫೋಟೋ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅದೇ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ರೆಫಿಕ್ ವೆಸೆಲಿ. ಜರ್ಮನರು ಬಂದಮೇಲೆ ಈ ಹುಡುಗನು ತಂದೆತಾಯಿಗಳ ಒಪ್ಪಿಗೆ ಪಡೆದು, ಹಗಲು ಗುಹೆಗಳಲ್ಲಿ ಅಡಗಿ ಇರುಳು ನಡೆದು, ಆ ಕುಟುಂಬವನ್ನು ಕ್ರುಯಾದಲ್ಲಿದ್ದ ತನ್ನ ಮನೆಗೆ ಕರೆದೊಯ್ದನು. ಹಿರಿಯರು ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅಡಗಿದರು. ಮಕ್ಕಳು ಮನೆಯ ಮಕ್ಕಳೊಡನೆ ಬೆರೆತು ಬೀದಿಯಲ್ಲಿ ಆಡಿದರು. 1944ರ ನವೆಂಬರಿನವರೆಗೂ ಈ ಗುಟ್ಟು ಹೊರಬೀಳಲಿಲ್ಲ. ಒಂದು ಮನೆಯ ಗುಟ್ಟನ್ನು ಇಡೀ ಕೇರಿ ಕಾಯದಿದ್ದರೆ ಇದು ಸಾಧ್ಯವೇ?

ಇದಕ್ಕೆ ಅಲ್ಬೇನಿಯದವರು ಕೊಡುವ ಕಾರಣ ‘ಬೆಸಾ’ ಎಂಬ ಒಂದೇ ಪದ. ಕೊಟ್ಟ ಮಾತು, ಅದನ್ನು ಉಳಿಸಿಕೊಳ್ಳುವ ನಿಷ್ಠೆ ಎಂದು ಅದರ ಅರ್ಥ. ನಮ್ಮ ಹಳಗನ್ನಡ ಕಾವ್ಯಗಳ ‘ಬಾಸೆ’ ಎಂಬ ಮಾತು ಇದಕ್ಕೆ ಸಮೀಪವಾದುದು. ಧ್ವನಿಯ ಹೋಲಿಕೆ ಕೇವಲ ಆಕಸ್ಮಿಕ. ಉತ್ತರದ ಬೆಟ್ಟಗಳಲ್ಲಿ ಬಾಯಿಂದ ಬಾಯಿಗೆ ಬಂದ ಕಟ್ಟಳೆಗೆ ‘ಕನೂನ್’ ಎಂದು ಹೆಸರು; ನಮ್ಮ ‘ಕಾನೂನು’ ಪದದ ಮೂಲವೂ ಅದರ ಮೂಲವೂ ಒಂದೇ. ಗ್ಯೆಚೋವಿ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಗ್ರಹಿಸಿದ ಅದರ ಪಾಠವು 1933ರಲ್ಲಿ ಗ್ರಂಥವಾಗಿ ಅಚ್ಚಾಯಿತು. ಅದರ ಪ್ರಕಾರ ಅತಿಥಿಗೆ ಒದಗಿದ ಕೇಡು ಮನೆಯೊಡೆಯನ ಮಾನಕ್ಕೆ ಒದಗಿದ ಕೇಡು. ಆದರೆ ಕೊಲೆಗೆ ಪ್ರತಿಕೊಲೆಯ ವಿಧಿಯೂ ಅದೇ ಕಟ್ಟಳೆಯಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬಾರದು.

ಮೂರನೆಯ ದಿನದ ಪಾಠವೇ ಕಠಿಣವಾದುದು. ಬಹುಮಂದಿ ಬಿಟ್ಟುಬಿಡುವುದೂ ಇದನ್ನೇ. 1941ರಲ್ಲಿ ಕೊಸೊವೋ ಪ್ರಾಂತದ ಹೆಚ್ಚಿನ ಭಾಗವನ್ನು ಇಟಲಿಯ ಅಧೀನದ ಅಲ್ಬೇನಿಯಕ್ಕೆ ಸೇರಿಸಲಾಯಿತು. ಅಲ್ಲಿಯೂ ಅದೇ ಭಾಷೆಯ ಜನ, ಅದೇ ಬೆಸಾ. ಆದರೂ 1944ರ ಮೇ ತಿಂಗಳಲ್ಲಿ, ಜರ್ಮನರು ಆ ಪ್ರದೇಶದ ಅಲ್ಬೇನಿಯನ್ನರಿಂದಲೇ ಕಟ್ಟಿದ ‘ಸ್ಕಂದರ್‌ಬೆಗ್’ ಎಂಬ ಎಸ್‌.ಎಸ್‌. ಸೇನಾವಿಭಾಗವು ಪ್ರಿಷ್ಟಿನಾದಲ್ಲಿ 281 ಮಂದಿ ಯೆಹೂದ್ಯರನ್ನು ಹಿಡಿಯಿತು. ಅವರಲ್ಲಿ ಹೆಚ್ಚಿನವರನ್ನು ಬೆರ್ಗೆನ್-ಬೆಲ್ಸೆನ್ ಶಿಬಿರಕ್ಕೆ ಸಾಗಿಸಲಾಯಿತು. ಯೆಹೂದ್ಯರನ್ನು ಉಳಿಸಿದವರು ಕೊಸೊವೋದಲ್ಲಿಯೂ ಇದ್ದರು. ಆದರೆ ಸೆರ್ಬಿಯನ್ನರ ಆಳ್ವಿಕೆಯಲ್ಲಿ ಬೆಂದಿದ್ದ ಅಲ್ಲಿನ ಅನೇಕರಿಗೆ ಜರ್ಮನರು ಬಿಡುಗಡೆ ಮಾಡಿದವರಂತೆ ಕಂಡಿದ್ದರು. ಸಂಪ್ರದಾಯ ಒಂದೇ ಆದರೂ ಹಳೆಯ ಗಡಿಯ ಆಚೆ ಈಚೆ ಅದು ಒಂದೇ ಫಲ ಕೊಡಲಿಲ್ಲ. ಗಡಿನಾಡಿನಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಸೊವೋದ ಮಾತೆತ್ತಿದರೆ ಕಥೆಯ ಹೊಳಪು ಕುಂದೀತೆಂದು ಅಂಜುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಒಂದು ಜನಾಂಗವೇ ಹುಟ್ಟಿನಿಂದ ಒಳ್ಳೆಯದೆಂದು ಕಲಿಸಿದರೆ, ಮತ್ತೊಂದು ಹುಟ್ಟಿನಿಂದಲೇ ಕೆಟ್ಟದೆಂಬ ನಂಬಿಕೆಗೆ ನಾವೇ ದಾರಿ ಮಾಡಿಕೊಟ್ಟಂತೆ. ಯೆಹೂದ್ಯರನ್ನು ಕೊಂದ ಮತವೂ ಅದೇ. ಮೇಲಾಗಿ, ಅರ್ಧ ಸತ್ಯವನ್ನು ಕೇಳಿದ ವಿದ್ಯಾರ್ಥಿ ಮುಂದೊಂದು ದಿನ ಗ್ರಂಥಾಲಯದಲ್ಲಿ ಉಳಿದರ್ಧವನ್ನು ಕಂಡಾಗ ಮೊದಲಿನದನ್ನೂ ಸುಳ್ಳೆಂದು ತಳ್ಳಿಬಿಡುತ್ತಾನೆ. ರೆಫಿಕ್‌ನ ತಾಯಿ ಬಾಗಿಲು ತೆರೆದದ್ದು ಆಗ ಯಾರಿಗೂ ಬೇಡವಾಗುತ್ತದೆ. ಬೆಸಾ ಎಂಬುದು ಬಾಗಿಲನ್ನು ತಾನಾಗಿಯೇ ತೆರೆಯುವ ಯಂತ್ರವಲ್ಲ. ಅದನ್ನು ನೆನೆದು ಬಾಗಿಲು ತೆರೆದವರು ಮನುಷ್ಯರು, ತೆರೆಯದೆಯೂ ಇರಬಹುದಾಗಿದ್ದವರು. ಅವರ ಹಿರಿಮೆ ಇರುವುದು ಇಲ್ಲಿಯೇ.

ಯುದ್ಧಾನಂತರದ ಅಲ್ಬೇನಿಯ ಎನ್ವರ್ ಹೋಜಾನ ಆಳ್ವಿಕೆಯಲ್ಲಿ ಹೊರಜಗತ್ತಿಗೆ ಮುಚ್ಚಿಕೊಂಡಿತು. 1967ರಲ್ಲಿ ಮತಾಚರಣೆಯನ್ನೇ ನಿಷೇಧಿಸಿತು. ಆದುದರಿಂದ ಈ ಕಥೆಗಳು ಬಹುಕಾಲ ಹೊರಬರಲಿಲ್ಲ. ಆದರೂ ಮಾಂದಿಲನ ಮಗ ಇಸ್ರೇಲಿನಲ್ಲಿ ಬೆಳೆದು ಬರೆದ ಪತ್ರದ ಫಲವಾಗಿ, 1987ರಲ್ಲಿ ಜೆರೂಸಲೇಮಿನ ಯಾದ್ ವಶೇಮ್ ಸಂಸ್ಥೆಯು ವೆಸೆಲಿ ದಂಪತಿಗಳನ್ನೂ ರೆಫಿಕ್‌ನನ್ನೂ ‘ಜನಾಂಗಗಳ ನಡುವಣ ಸತ್ಪುರುಷರು’ ಎಂದು ಗೌರವಿಸಿತು. ಅಲ್ಬೇನಿಯದವರಲ್ಲಿ ಈ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಈ ಪಾಠದ ಕೊನೆಯಲ್ಲಿ ‘ಅಲ್ಬೇನಿಯದವರು ಏಕೆ ಒಳ್ಳೆಯವರು?’ ಎಂದು ಪ್ರಶ್ನೆ ಹಾಕಬೇಡಿ. ಕ್ರುಯಾದಲ್ಲಿ ಉಳಿದ ಮಾತು ಪ್ರಿಷ್ಟಿನಾದಲ್ಲಿ ಏಕೆ ಮುರಿಯಿತೆಂದು ಕೇಳಿ. ಉತ್ತರ ಹುಡುಕುತ್ತ ವಿದ್ಯಾರ್ಥಿಯು ತನ್ನ ಮನೆಯ ಬಾಗಿಲತ್ತ ಒಮ್ಮೆ ತಿರುಗಿ ನೋಡಿದರೆ, ಪಾಠ ಮುಟ್ಟಿತೆಂದು ತಿಳಿಯೋಣ.