ಹಿಮನಾಡಿನ ಆಕಾಶಮಾರ್ಗ

ರಷ್ಯಾದ ಈಶಾನ್ಯದಲ್ಲಿರುವ ಯಾಕೂತಿಯಾ ಪ್ರಾಂತವು ವಿಸ್ತಾರದಲ್ಲಿ ಭಾರತಕ್ಕೆ ಸಮೀಪವಾದರೂ ಅಲ್ಲಿಯ ಜನಸಂಖ್ಯೆ ಸುಮಾರು 10 ಲಕ್ಷ ಮಾತ್ರ. ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುವುದುಂಟು. ಆಗ ಹೆಪ್ಪುಗಟ್ಟಿದ ನದಿಗಳೇ ರಸ್ತೆಗಳು; ಬೇಸಗೆಯಲ್ಲಿ ಅವೇ ಜಲಮಾರ್ಗಗಳು. ಆದರೆ ಮಂಜುಗಡ್ಡೆ ಕಟ್ಟುವ, ಕರಗುವ ವಾರಗಳಲ್ಲಿ ವಾಹನವೂ ಸಾಗದು, ದೋಣಿಯೂ ಸಾಗದು. ಆಗ ಎಷ್ಟೋ ಊರುಗಳ ರೋಗಿಗಳಿಗೆ ಆಕಾಶಮಾರ್ಗವೊಂದೇ ಗತಿ.

ಸೋವಿಯತ್ ಕಾಲದಲ್ಲಿ ಈ ಸೇವೆ ಏರೋಫ್ಲೋಟಿನದಾಗಿತ್ತು. 1991ರಲ್ಲಿ ಒಕ್ಕೂಟವು ಒಡೆದ ಬಳಿಕ ಅದರ ಪ್ರಾದೇಶಿಕ ಶಾಖೆಗಳು ಬೇರೆಯಾದವು. 2002ರಲ್ಲಿ ಸ್ಥಳೀಯ ಸಂಸ್ಥೆಗಳ ವಿಲೀನದಿಂದ 'ಯಾಕೂತಿಯಾ' ವಿಮಾನಸಂಸ್ಥೆಯು ರೂಪುಗೊಂಡಿತು. ಯಾಕೂತ್ಸ್ಕ್ ನಗರವು ಅದರ ಕೇಂದ್ರ. ಪ್ರಯಾಣಿಕರು ವಿರಳವಾದ ಮಾರ್ಗಗಳಲ್ಲಿ ಟಿಕೆಟ್ಟಿನ ಹಣವಷ್ಟೇ ಸಾಲದು, ಸರಕಾರವೂ ನೆರವಾಗಬೇಕು. ವಿಮಾನವು ನಮಗೆ ವೈಭವವೆನಿಸಬಹುದು. ಅವರಿಗೆ ಅದೇ ಊರ ದಾರಿ.