ಪೇಪರ್‌ನಲ್ಲಿ ಬಂದ ಅಭಿಪ್ರಾಯಕ್ಕೆ ವಿದ್ಯಾರ್ಥಿಯ ಉತ್ತರ: ಬರೆಯೋದು ಹೇಗೆ, ಕೊಡೋದು ಎಲ್ಲಿ?

ಮೆಟ್ರಿ (ಕಂಪ್ಲಿ ತಾ.): ಬೆಳಿಗ್ಗೆ ಹೋಟೆಲ್, ಕಟಿಂಗ್ ಶಾಪ್, ಕಿರಾಣಿ ಅಂಗಡಿಗೆ ಬರುವ ಪೇಪರ್‌ನಲ್ಲಿ ಬಹಳ ಮಂದಿ ಜಿಲ್ಲಾ ಸುದ್ದಿ, ಕ್ರಿಕೆಟ್, ಚಿನ್ನದ ರೇಟು ನೋಡಿ ಮಡಚಿ ಇಡುತ್ತಾರೆ. ಒಳಗಿನ ಸಂಪಾದಕೀಯ ಪುಟ ಹಂಗೇ ಉಳಿಯುತ್ತದೆ. ಅದನ್ನು ಓದುವವರು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸಿರುವ ಹುಡುಗ, ಹುಡುಗಿಯರು. ಅವರೂ ಪ್ರಬಂಧಕ್ಕೆ ಬೇಕಾದ ಅಂಕಿ-ಅಂಶ ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ‘ಇವರು ಹೀಗೆ ಬರೆದಿದ್ದಾರೆ, ಇದಕ್ಕೆ ನಾನು ಏನಂತೀನಿ?’ ಅಂತ ನೋಟ್‌ಬುಕ್‌ನಲ್ಲಿ ಬರೆಯುವವರು ಕಡಿಮೆ.

ಜಿಲ್ಲೆ ಒಡೆಯೋದು, ಗಣಿಗೆ ಅರಣ್ಯ ಕೊಡೋದು, ಡ್ಯಾಂ ಗೇಟು, ಕಾಲುವೆ ನೀರು ಹೀಗೆ ಈ ಭಾಗದ ದೊಡ್ಡ ತಕರಾರುಗಳ ಬಗ್ಗೆ ವಾದ ನಡೆಯೋದು ಅದೇ ಪುಟದಲ್ಲಿ. ಓದಿ ಸುಮ್ಮನಾದರೆ ನಮ್ಮೂರ ಮಾತು ಅಲ್ಲಿ ಸೇರೋದಿಲ್ಲ.

ಸುದ್ದಿ ಯಾವುದು, ಅಭಿಪ್ರಾಯ ಯಾವುದು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೇ ಗೇಟು ಕೊಚ್ಚಿ ಹೋಯಿತು. ಇದು ಸುದ್ದಿ. ‘ಇದಕ್ಕೆ ನಿರ್ವಹಣೆಯ ನಿರ್ಲಕ್ಷ್ಯವೇ ಕಾರಣ’ ಅಂತ ಯಾರಾದರೂ ಬರೆದರೆ ಅದು ಅಭಿಪ್ರಾಯ. ಅದು ಸರಿ ಇರಬಹುದು, ತಪ್ಪೂ ಇರಬಹುದು. ಸುದ್ದಿಗೆ ಪುರಾವೆ ಕೇಳಬೇಕು, ಅಭಿಪ್ರಾಯಕ್ಕೆ ಕಾರಣ ಕೇಳಬೇಕು. ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಜಗಳ ಹತ್ತೋದು ಇವೆರಡನ್ನೂ ಕಲಸಿಬಿಟ್ಟಾಗ.

ಪೇಪರ್ ಓದುವ ಅಭ್ಯಾಸ ಬಳ್ಳಾರಿ ಸೀಮೆಗೆ ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನಲ್ಲಿ ಶುರುವಾಯಿತು. ಮರುವರ್ಷವೇ ಅದು ‘ಕನ್ನಡ ಸಮಾಚಾರ’ ಅನ್ನೋ ಹೆಸರಲ್ಲಿ ಬಳ್ಳಾರಿಯಿಂದ ಅಚ್ಚಾಗತೊಡಗಿತು.

ಜಿಲ್ಲೆ ಒಡೆದಾಗ ಕಂಪ್ಲಿ ಪಾಠ

ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆ ಮಾಡುವ ಮಾತು 2020ರಲ್ಲಿ ಜೋರಾದಾಗ ಪರ-ವಿರೋಧ ಎರಡೂ ಕಡೆ ಬರಹ, ಹೇಳಿಕೆ, ಹೋರಾಟ ನಡೆದವು. ಆಗ ಸಚಿವರಾಗಿದ್ದ ಆನಂದ್ ಸಿಂಗ್ ಹೊಸ ಜಿಲ್ಲೆಯ ಪರ ಮುಂದೆ ನಿಂತರೆ, ಅದೇ ಪಕ್ಷದ ಬಳ್ಳಾರಿ ಶಾಸಕ ಜಿ.ಸೋಮಶೇಖರ ರೆಡ್ಡಿ ಬಹಿರಂಗವಾಗಿಯೇ ವಿರೋಧಿಸಿದರು. ಹರಪನಹಳ್ಳಿ, ಹೂವಿನಹಡಗಲಿ ಜನಕ್ಕೆ ಬಳ್ಳಾರಿ ಬಹಳ ದೂರ ಅನ್ನೋದು ಒಂದು ವಾದ. ಒಡೆದರೆ ಬಳ್ಳಾರಿಯ ಬಲ ಕಡಿಮೆಯಾಗುತ್ತದೆ ಅನ್ನೋದು ಇನ್ನೊಂದು.

ಎರಡನ್ನೂ ಓದಿದ ಕಂಪ್ಲಿ ಕಡೆಯ ವಿದ್ಯಾರ್ಥಿಗೆ ಮೂರನೇ ಪ್ರಶ್ನೆ ಏಳಬೇಕಿತ್ತು: ‘ಹಾಗಾದರೆ ನಾವು ಯಾವ ಕಡೆ?’ 2017–18ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಕಂಪ್ಲಿಯೂ ಒಂದು. ಅದಕ್ಕೂ ಮೊದಲು ಅದು ಹೊಸಪೇಟೆ ತಾಲ್ಲೂಕಿನಲ್ಲೇ ಇತ್ತು. ಕಂಪ್ಲಿ ಪೇಟೆಗೆ ಬಳ್ಳಾರಿಗಿಂತ ಹೊಸಪೇಟೆ ಹತ್ತಿರ. ಮೆಟ್ರಿಯವರು ತಮ್ಮೂರಿಂದ ಬಸ್ ಎಷ್ಟು, ಟಿಕೆಟ್ ಎಷ್ಟು, ಡಿ.ಸಿ. ಆಫೀಸಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದಾ ಅನ್ನೋದನ್ನು ತಾವೇ ಲೆಕ್ಕ ಹಾಕಬೇಕು. ಬೆಂಗಳೂರಲ್ಲಿ ಕೂತು ಅಂಕಣ ಬರೆಯುವವರಿಗೆ ಈ ಲೆಕ್ಕ ಸಿಗೋದಿಲ್ಲ.

ಸರ್ಕಾರ 2020ರ ಡಿಸೆಂಬರ್‌ನಲ್ಲಿ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು 30 ದಿನ ಕೊಟ್ಟಿತು. 2021ರ ಫೆಬ್ರುವರಿಯಲ್ಲಿ ಅಂತಿಮ ಅಧಿಸೂಚನೆ ಬಂತು. ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಇದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಅನ್ನೋದು ಈಗಲೂ ಅವರವರ ಅಭಿಪ್ರಾಯ. ಆದರೆ ಆ 30 ದಿನದಲ್ಲಿ ಕಟ್ಟೆ ಮೇಲೆ ಆಡಿದ ಮಾತು ಯಾವ ಕಡತಕ್ಕೂ ಸೇರಲಿಲ್ಲ. ಬರೆದು ಕೊಟ್ಟದ್ದು ಮಾತ್ರ ಸೇರಿತು.

ಉತ್ತರ ಬರೆಯೋದು ಹೇಗೆ?

ಸಂಡೂರಿನ ದೇವದಾರಿ ಗಣಿ ವಿಷಯವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕೇಂದ್ರ ಸರ್ಕಾರದ ಕೆಐಒಸಿಎಲ್ ಕಂಪನಿಗೆ ಇಲ್ಲಿ 400 ಹೆಕ್ಟೇರ್‌ಗೂ ಹೆಚ್ಚು ಅರಣ್ಯ ಕೊಡುವ ಪ್ರಸ್ತಾವ ಇದು. ಹೋಗುವ ಮರಗಳು 99 ಸಾವಿರಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಎಚ್.ಡಿ.ಕುಮಾರಸ್ವಾಮಿ ಇದರ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಜಾಗ ಹಸ್ತಾಂತರಿಸಬೇಡಿ ಎಂದರು. ಒಂದು ಲೇಖನ ‘ಕೆಲಸ ಬೇಕು’ ಅಂದರೆ, ಇನ್ನೊಂದು ‘ಕಾಡು ಬೇಕು’ ಅನ್ನುತ್ತದೆ.

1. ಮೊದಲು ಲೇಖಕರ ಮಾತನ್ನು ಒಂದೇ ವಾಕ್ಯದಲ್ಲಿ, ತಿರುಚದೆ ಬರೆಯಬೇಕು. ಅವರೇ ಓದಿದರೂ ‘ಹೌದು, ನಾನು ಹೇಳಿದ್ದು ಇದೇ’ ಅನ್ನಬೇಕು.

2. ಒಪ್ಪುವ ಭಾಗ ಒಂದಾದರೂ ಇದ್ದರೆ ಹೇಳಬೇಕು. ಗಣಿ ನಿಂತಾಗ ಈ ಭಾಗದ ಲಾರಿ ಮಾಲೀಕರು, ಡ್ರೈವರ್‌ಗಳು, ಹೋಟೆಲ್‌ನವರು ಪಟ್ಟ ಪಾಡು ಸುಳ್ಳಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದು ಅಂಗಡಿಯವರಿಗೆ ಇನ್ನೂ ನೆನಪಿದೆ. ಹಂಗಂತ ಅದಕ್ಕೂ ಮೊದಲು ನಡೆದ ಅಕ್ರಮವೂ ಸುಳ್ಳಲ್ಲ.

3. ಲೇಖನದಲ್ಲಿ ಬಿಟ್ಟುಹೋದದ್ದನ್ನು ಕೇಳಬೇಕು. ಕೆಲಸ ಎಷ್ಟು ಮಂದಿಗೆ? ಸ್ಥಳೀಯರಿಗಾ, ಹೊರಗಿನವರಿಗಾ? ಎಷ್ಟು ವರ್ಷ? ಕಾಡು ಉಳಿಸಿ ಅನ್ನುವವರೂ ಉತ್ತರ ಕೊಡಬೇಕು: ಡಿಗ್ರಿ ಮುಗಿಸಿದ ಸಂಡೂರಿನ ಹುಡುಗರಿಗೆ ಬೇರೆ ದಾರಿ ಏನು?

4. ಕೊನೆಗೆ ತನ್ನ ನಿಲುವು, ಅದಕ್ಕೆ ತನ್ನೂರಿನ ಕಾರಣ. ‘ನಾಡಿನ ಹಿತಕ್ಕಾಗಿ’ ಅನ್ನೋ ದೊಡ್ಡ ಮಾತಿಗಿಂತ, ಕಣ್ಣಿಂದ ಕಂಡ ಒಂದು ಸಂಗತಿಗೆ ತೂಕ ಹೆಚ್ಚು.

ಆರು ತಿಂಗಳ ನಂತರ ಅದೇ ಪುಟ ತೆಗೆದು ನೋಡಿದಾಗ ಅಭಿಪ್ರಾಯ ಬದಲಾಗಿದ್ದರೆ ನಾಚಿಕೆಪಡುವಂಥದ್ದೇನಿಲ್ಲ. ಯಾವ ಹೊಸ ಮಾಹಿತಿಯಿಂದ ಬದಲಾಯಿತು ಅಂತ ಪಕ್ಕದಲ್ಲೇ ಬರೆದಿಟ್ಟರೆ ಸಾಕು.

ಹೆಸರು ಹಾಕೋಕೆ ಹೆದರಿಕೆ

ಸಣ್ಣ ಊರಲ್ಲಿ ಇದೇ ದೊಡ್ಡ ತೊಡಕು. ಅಂಗಡಿ ಇಟ್ಟವರಿಗೆ ಎಲ್ಲ ಪಕ್ಷದವರೂ ಗಿರಾಕಿಗಳೇ. ಮಗ ಪೇಪರ್‌ಗೆ ಬರೆದರೆ ಅಪ್ಪನ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಅನ್ನೋ ಭಯ ಸುಳ್ಳಲ್ಲ. ಸಂವಿಧಾನದ 19(1)(ಎ) ವಿಧಿ ಮಾತಾಡುವ ಹಕ್ಕು ಕೊಟ್ಟಿದೆ. 19(2) ಮಾನಹಾನಿಯಂಥ ವಿಷಯಗಳಲ್ಲಿ ಅದಕ್ಕೆ ಮಿತಿ ಹಾಕಿದೆ. ವ್ಯಕ್ತಿಯನ್ನು ಬಿಟ್ಟು ವಿಷಯದ ಮೇಲೆ ಬರೆದರೆ ಕಾನೂನಿನ ತೊಂದರೆಯೂ ಕಡಿಮೆ, ಊರೊಳಗಿನ ಮನಸ್ತಾಪವೂ ಕಡಿಮೆ. ಹೆಸರು ಬೇಡವೆನಿಸಿದರೆ ಅದು ನೋಟ್‌ಬುಕ್‌ನಲ್ಲೇ ಇರಲಿ. ಆದರೆ ಸುಳ್ಳು ಹೆಸರಲ್ಲಿ ಸ್ಟೇಟಸ್ ಹಾಕೋದು ಬೇಡ.

ಕೊಡೋದು ಎಲ್ಲಿ?

ಪತ್ರಿಕೆಗೆ: ‘ಪ್ರಜಾವಾಣಿ’ಯ ‘ವಾಚಕರ ವಾಣಿ’ಯಂಥ ಪತ್ರ ವಿಭಾಗಗಳಿಗೆ ಯಾರು ಬೇಕಾದರೂ ಬರೆಯಬಹುದು. ಚಿಕ್ಕದಾಗಿ ಬರೆದು, ಹೆಸರು, ಊರು, ಫೋನ್ ನಂಬರ್ ಜೊತೆಗಿಡಬೇಕು.

ಸರ್ಕಾರಕ್ಕೆ: ಪತ್ರಿಕೆಯಲ್ಲಿ ಬಂದ ಪತ್ರ ಆಕ್ಷೇಪಣೆ ಆಗೋದಿಲ್ಲ. ಕರಡು ಅಧಿಸೂಚನೆ ಬಂದರೆ ಅದರಲ್ಲಿ ಹೇಳಿದ ಅಧಿಕಾರಿಗೆ, ಹೇಳಿದ ದಿನದೊಳಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಇನ್ನೊಂದು ಪ್ರತಿ ಕೈಯಲ್ಲಿರಲಿ.

ಗಣಿ, ಕಾರ್ಖಾನೆ ವಿಷಯಕ್ಕೆ: 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಾದ ಯೋಜನೆಗಳಿಗೆ ಕನಿಷ್ಠ 30 ದಿನ ಮೊದಲೇ ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಸಭೆಗೆ ಹೋಗಲು ಆಗದವರು ಲಿಖಿತವಾಗಿಯೂ ಅಭಿಪ್ರಾಯ ಕೊಡಬಹುದು.

ಆ ಪ್ರಕಟಣೆ ಬರೋದು ಜಾಹೀರಾತಿನ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ. ಅದು ಕಂಡ ದಿನ ಅಂಗಡಿಯವರು ಆ ಪೇಪರ್‌ನಲ್ಲಿ ಮಿರ್ಚಿ ಕಟ್ಟಿ ಕೊಡುವ ಮೊದಲು, ಆ ತುಂಡು ಕತ್ತರಿಸಿ ಗೋಡೆಗೆ ಅಂಟಿಸಿದರೂ ಊರಿಗೆ ಉಪಕಾರವೇ.