ಗಾಳಿ ಬಂದಾಗ ಮಲಗಿಕೋ!

‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದಲ್ಲಿ ಹುಟ್ಟಿದ ಗಾದೆ. ಮಹಡಿಯ ಮೇಲೆ ಸೌರಫಲಕವನ್ನಿರಿಸಿಕೊಂಡ ಗೃಹಸ್ಥನಿಗೆ ಮಾತ್ರ ಗಾಳಿಯು ಬೇರೆಯೇ ಬುದ್ಧಿಯನ್ನು ಹೇಳುತ್ತದೆ.

ತುಮಕೂರು ಜಿಲ್ಲೆಯ ಮೇಲೆ ಸೂರ್ಯನ ಕೃಪೆ ಧಾರಾಳವಾಗಿದೆ. 2018ರಲ್ಲಿ ಉದ್ಘಾಟನೆಗೊಂಡು, ಸುಮಾರು 13,000 ಎಕರೆಗಳಲ್ಲಿ ಹರಡಿ, 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಪಾವಗಡದ ಸೌರ ಉದ್ಯಾನವೇ ಇದಕ್ಕೆ ಸಾಕ್ಷಿ. ಅದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂತಹ ತೆಂಗು ಅಡಕೆಗಳ ಊರಿನಲ್ಲಿ ಒಂದೆರಡು ಫಲಕಗಳನ್ನು ಹೊಂದಿದವನಿಗೂ ಒಂದು ಆಸೆ ಮೂಡುವುದು ಸಹಜ: ಫಲಕವನ್ನು ಬೆಳಗ್ಗೆ ಪೂರ್ವಕ್ಕೂ ಸಂಜೆ ಪಶ್ಚಿಮಕ್ಕೂ ಹೊರಳಿಸಿದರೆ ಹೇಗೆ? ಹೀಗೆ ಸೂರ್ಯನನ್ನು ಹಿಂಬಾಲಿಸುವ ಫಲಕವು ನಿಶ್ಚಲವಾದ ಫಲಕಕ್ಕಿಂತ ಸಾಮಾನ್ಯವಾಗಿ ಶೇಕಡಾ 15ರಿಂದ 25ರಷ್ಟು ಹೆಚ್ಚು ವಿದ್ಯುತ್ತನ್ನು ಕೊಡುತ್ತದೆ.

ಉಪಕರಣವೇನೂ ಜಟಿಲವಲ್ಲ. ಉತ್ತರ ದಕ್ಷಿಣವಾಗಿ ಮಲಗಿಸಿದ ಕಬ್ಬಿಣದ ಕೊಳವೆ, ಅದು ಹೊರಳಲು ಎರಡು ಬೇರಿಂಗುಗಳು, ಕೊಳವೆಯ ಮೇಲೆ ಫಲಕ. ಸೂರ್ಯನು ಗಂಟೆಗೆ 15 ಡಿಗ್ರಿಗಳಷ್ಟು ಸಾಗುತ್ತಾನೆ. ಆದರೆ ಫಲಕದ ದಿಕ್ಕು 15 ಡಿಗ್ರಿ ತಪ್ಪಿದರೂ ನೇರ ಬಿಸಿಲಿನಲ್ಲಿ ಆಗುವ ನಷ್ಟ ಶೇಕಡಾ ಮೂರೂವರೆಯಷ್ಟೆ! ಆದುದರಿಂದ ಕ್ಷಣಕ್ಷಣಕ್ಕೂ ತಿರುಗಿಸುವ ಯಂತ್ರವೇ ಬೇಕೆಂದಿಲ್ಲ. ಪೂರ್ವ, ನೆತ್ತಿ, ಪಶ್ಚಿಮ ಎಂಬ ಮೂರು ಸ್ಥಾನಗಳಿಗೆ ಮೂರು ರಂಧ್ರಗಳನ್ನು ಕೊರೆದು, ಹತ್ತು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಕೈಯಿಂದಲೇ ಹೊರಳಿಸಿ ಪಿನ್ನು ಹಾಕಿದರೆ ಲಾಭದ ಬಹುಪಾಲು ಕೈಸೇರುತ್ತದೆ.

ನಿಜವಾದ ಕಷ್ಟ ಸೂರ್ಯನಿಂದಲ್ಲ, ವಾಯುವಿನಿಂದ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಬೆಂಗಳೂರಿನ ಕಟ್ಟಡಗಳ ಲೆಕ್ಕಕ್ಕೆ ಭಾರತೀಯ ಮಾನಕವು ಹಿಡಿಯುವ ಮೂಲವೇಗ ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದ ಗಾಳಿಗೆ ಎದುರಾಗಿ ನಿಂತ ಎರಡು ಚದರ ಮೀಟರಿನ ಫಲಕದ ಮೇಲೆ ಬೀಳುವ ಒತ್ತಡ, ಕಡಿಮೆಯೆಂದರೂ, 130 ಕಿಲೋಗ್ರಾಂ ಭಾರಕ್ಕೆ ಸಮ. ಕಿತ್ತುಹೋದ ಫಲಕದೊಡನೆ ಹಾರುವುದು ಮನೆಯವರ ಉಳಿತಾಯ ಮಾತ್ರವಲ್ಲ. ಅದು ಬೀದಿಯಲ್ಲಿ ಹೋಗುವವರ ಪ್ರಾಣಕ್ಕೂ ಸಂಚಕಾರ.

ವೇಳೆಯೂ ಪ್ರತಿಕೂಲವೇ. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನ ಕಳೆದ ಮೇಲೆ. ಆಗ ಫಲಕವು ಪಶ್ಚಿಮಕ್ಕೆ ಓರೆಯಾಗಿ, ದೋಣಿಯ ಹಾಯಿಯಂತೆ ನಿಂತಿರುತ್ತದೆ. ಆದರೆ ಪ್ರಕೃತಿಯೇ ಇಲ್ಲೊಂದು ಉಪಾಯವನ್ನು ತೋರಿಸಿದೆ. ಮೋಡ ಕವಿದೊಡನೆ ನೇರ ಬಿಸಿಲು ಮರೆಯಾಗಿ, ಬೆಳಕು ಆಕಾಶದ ಎಲ್ಲೆಡೆಯಿಂದಲೂ ಬರತೊಡಗುತ್ತದೆ. ಆಗ ಸೂರ್ಯನತ್ತ ತಿರುಗಿ ನಿಂತು ಪ್ರಯೋಜನವಿಲ್ಲ; ಮಟ್ಟಸವಾಗಿ ಮಲಗಿದ ಫಲಕವೇ ಮೇಲು. ಮೋಡ ಕಂಡಾಗ ಫಲಕವನ್ನು ಮಲಗಿಸಿದವನಿಗೆ ಹಾನಿಯೇನೂ ಇಲ್ಲ, ರಕ್ಷಣೆಯಂತೂ ಉಂಟು. ಮನೆಯವರೆಲ್ಲರೂ ಹೊರಗೆ ಹೋಗುವ ದಿನ, ರಾತ್ರಿಯ ಹೊತ್ತು, ಅದು ಮಲಗಿಯೇ ಇರಲಿ.

ಮಲಗಿಸಿದರಷ್ಟೇ ಸಾಲದು. ಗಾಳಿ ಅಡಿಯಿಂದಲೂ ಎತ್ತುತ್ತದೆ. ಆದ್ದರಿಂದ ಎರಡು ಅಂಚುಗಳನ್ನೂ ಚೌಕಟ್ಟಿಗೆ ಬಿಗಿಯಬೇಕು. 1940ರಲ್ಲಿ ಅಮೆರಿಕದ ಟಕೋಮಾ ಸೇತುವೆಯು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದ ಗಾಳಿಯಲ್ಲಿ ಹೊಯ್ದಾಡಿ, ತಿರುಚಿಕೊಂಡು ಮುರಿದುಬಿತ್ತು. ಉದ್ದನೆಯ ಕೊಳವೆಯನ್ನು ಒಂದೇ ಕಡೆ ಹಿಡಿದರೆ ಅದಕ್ಕೂ ಇಂತಹ ತಿರುಚಾಟ ತಪ್ಪದು. ಕೊಳವೆ ಗಿಡ್ಡವಾಗಿರಲಿ, ಎರಡು ತುದಿಗಳಲ್ಲಿಯೂ ಹಿಡಿತವಿರಲಿ. ಮೋಟಾರನ್ನು ಜೋಡಿಸುವುದಾದರೆ, ವಿದ್ಯುತ್ತು ನಿಂತಾಗಲೂ ಕೈಯಿಂದ ಮಲಗಿಸುವ ಅನುಕೂಲವಿರಬೇಕು. ಬುಡವನ್ನು ಇಟ್ಟಿಗೆಯ ಭಾರಕ್ಕೆ ಬಿಡದೆ, ಬಲ್ಲ ಇಂಜಿನಿಯರನ್ನು ಕೇಳಿ ಕಟ್ಟಡಕ್ಕೇ ಬಂಧಿಸುವುದು ಕ್ಷೇಮ.

ಇಷ್ಟಕ್ಕೂ ಆಸ್ಥೆಯಿಂದ ನೋಡಿಕೊಳ್ಳುವವರು ಮನೆಯಲ್ಲಿಲ್ಲವೆಂದರೆ, ಭದ್ರವಾಗಿ ಕೂರಿಸಿದ ನಿಶ್ಚಲ ಫಲಕವೇ ಲೇಸು. ಐದನೆಯ ಒಂದು ಪಾಲಿನ ಆಸೆಗೆ ಉಳಿದೆಲ್ಲವನ್ನೂ ಗಾಳಿಪಾಲು ಮಾಡಿಕೊಳ್ಳುವುದು ಜಾಣತನವಲ್ಲ.